ಚಳಿಗೆ ಪರ್ಫ್ಯೂಮ್ ಕೊಳ್ಳುವ ಮುಂಚೆ ಸಂಜೆವರೆಗೆ ಕಾಯಿರಿ

ಇವತ್ತು ಒಂದು ಪರ್ಫ್ಯೂಮ್ ಅಂಗಡಿಯಲ್ಲಿ ಕಂಡದ್ದು ಇನ್ನೂ ತಲೆಯಿಂದ ಇಳಿದಿಲ್ಲ. ಒಬ್ಬಳು ಹುಡುಗಿ ಬಂದು, "ಚಳಿಗಾಲಕ್ಕೆ ಬೆಚ್ಚಗಿರೋ ಪರಿಮಳ ಬೇಕು, ಹಾಕಿಕೊಂಡರೆ ಹಿತ ಅನ್ನಿಸಬೇಕು" ಅಂದಳು. ಎಷ್ಟು ಸರಿಯಾಗಿ ಕೇಳಿದಳು ಅಂತ ನನಗೆ ಖುಷಿಯಾಯಿತು. ಮಾರುವವನು ಒಂದಾದ ಮೇಲೊಂದು ಕಾಗದದ ಪಟ್ಟಿಗೆ ಸ್ಪ್ರೇ ಮಾಡಿ ಅವಳ ಮೂಗಿನ ಹತ್ತಿರ ಬೀಸುತ್ತಾ ಹೋದ. "ಮೇಡಂ, ಇದು ಇಡೀ ರೂಮ್ ತುಂಬುತ್ತೆ." "ಇದನ್ನ ಹಾಕಿದ್ರೆ ಎಲ್ಲರೂ ತಿರುಗಿ ನೋಡ್ತಾರೆ." "ಇದು ನಾಳೆ ಬೆಳಿಗ್ಗೆವರೆಗೂ ಹೋಗಲ್ಲ." ಅವಳು ಕೇಳಿದ್ದು ಹಿತ. ಅವನು ಹೇಳಿದ್ದೆಲ್ಲ ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ಜೋರು ಅನ್ನುವ ಲೆಕ್ಕ. ನೋಡನೋಡುತ್ತಲೇ ದೊಡ್ಡ ಬಾಟಲಿಯೊಂದು ಪ್ಯಾಕ್ ಆಯಿತು. ಅವಳ ಕೈ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ನನಗೆ ಸಿಟ್ಟು ಬಂತು. ಈಗಲೂ ಇದೆ.

ನನ್ನ ಪರ್ಫ್ಯೂಮ್ ಹುಚ್ಚು ನಿಮಗೆಲ್ಲ ಗೊತ್ತು. ಮನೆಗೆ ಬಂದವರ ಮುಂಗೈಗೆ ಏನಾದರೂ ಹಚ್ಚಿ, "ಈಗ ಏನೂ ಹೇಳಬೇಡಿ, ಊಟ ಆದ ಮೇಲೆ ಮತ್ತೆ ಮೂಸಿ ನೋಡಿ" ಅನ್ನುವವಳು ನಾನು. ಹಾಗಾಗಿ ಈ ವಿಷಯದಲ್ಲಿ ನನ್ನ ದನಿ ಸ್ವಲ್ಪ ಏರಿದರೆ ಸಹಿಸಿಕೊಳ್ಳಿ. ಚಳಿಗಾಲದ ಪರ್ಫ್ಯೂಮನ್ನು ಮೊದಲ ಐದು ನಿಮಿಷದ ವಾಸನೆ ತೋರಿಸಿ ಮಾರುವುದು ಅನ್ಯಾಯ. ಬೆಚ್ಚಗಿನ ಪರಿಮಳದಲ್ಲಿ ಬೆಚ್ಚಗಿರುವ ಭಾಗ ಬರುವುದೇ ತಡವಾಗಿ.

ಯಾಕೆ ತಡ? ವಾಸನೆ ಅಂದರೆ ಗಾಳಿಗೆ ಹಾರಿ ಮೂಗು ಸೇರುವ ಅಣುಗಳು. ಹಗುರವಾದವು ಮೊದಲು ಹಾರುತ್ತವೆ, ಭಾರದವು ಚರ್ಮಕ್ಕೆ ಅಂಟಿಕೊಂಡು ಕೂತಿರುತ್ತವೆ. ಕಿತ್ತಳೆ, ನಿಂಬೆ ಸಿಪ್ಪೆಯ ಘಮಕ್ಕೆ ಕಾರಣವಾದ ಲಿಮೊನೀನ್ ಕುದಿಯುವುದು ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ವೆನಿಲಾದ ಜೀವಾಳವಾದ ವೆನಿಲಿನ್ ಕುದಿಯಬೇಕಾದರೆ ಸುಮಾರು 285 ಡಿಗ್ರಿ ಬೇಕು. ಮೈ ಮೇಲೆ ಯಾವುದೂ ಕುದಿಯುವುದಿಲ್ಲ, ಆದರೆ ಯಾವುದು ಬೇಗ ಹೊರಡುತ್ತದೆ, ಯಾವುದು ಕೊನೆಗೆ ಉಳಿಯುತ್ತದೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ನಿಂಬೆಯದ್ದು ಅರ್ಧ ಗಂಟೆಯ ಆಟ. ವೆನಿಲಾ, ಶ್ರೀಗಂಧ, ಮಣ್ಣಿನ ಘಮದ ಪಚೋಲಿ ಎಲೆ, ಸಾಂಬ್ರಾಣಿ, ಲ್ಯಾಬ್ಡನಮ್ ಅನ್ನುವ ಗಿಡದ ಅಂಟು, ಕಸ್ತೂರಿಯಂಥ ಮಸ್ಕ್, ಇವೆಲ್ಲ ನಿಧಾನದವು. ಪರ್ಫ್ಯೂಮ್ ಮಾಡುವವರು ಬೇಸ್ ನೋಟ್ ಅನ್ನುವುದು ಇವನ್ನೇ.

ಚಳಿ ಬಂದರೆ ಈ ನಿಧಾನ ಇನ್ನೂ ನಿಧಾನವಾಗುತ್ತದೆ. ಚರ್ಮದ ಮೇಲ್ಮೈ ತಣ್ಣಗಿರುತ್ತದೆ. ಬೇಸಿಗೆಯಲ್ಲಿ ಉಸಿರು ಕಟ್ಟಿಸುವ ವೆನಿಲಾ ಅಥವಾ ಅಂಬರ್ (ರಾಳ, ವೆನಿಲಾ ಕೂಡಿದ ಘಮ) ಚಳಿಯಲ್ಲಿ ಮೆಲ್ಲಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಎಲ್ಲ ಒಟ್ಟಿಗೆ ಮೈಮೇಲೆ ಬೀಳುವುದಿಲ್ಲ. ಒಂದೊಂದೇ ಪದರ ಗೊತ್ತಾಗುತ್ತದೆ. ಇಂಥ ಪರಿಮಳಗಳು ಚಳಿಗಾಲಕ್ಕೆ ಹೊಂದುವುದು ಇದರಿಂದ. ಜೋರಾಗಿವೆ ಅಂತ ಅಲ್ಲವೇ ಅಲ್ಲ.

ಉದಾಹರಣೆಗೆ ಶಾಲಿಮಾರ್ ಅನ್ನುವ ಪರ್ಫ್ಯೂಮನ್ನೇ ನೋಡಿ. ಫ್ರಾನ್ಸಿನ ಪರ್ಫ್ಯೂಮ್ ಮನೆತನ ಗೆರ್ಲಾನಿನ ಜಾಕ್ ಗೆರ್ಲಾನ್ ಮಾಡಿದ್ದು, 1925ರಿಂದ ಇದೆ. ಬೆಚ್ಚಗಿನ ಪರಿಮಳದ ಮಾತು ಬಂದಾಗಲೆಲ್ಲ ಇದರ ಹೆಸರು ಬರುತ್ತದೆ. ಆದರೆ ಸ್ಪ್ರೇ ಮಾಡಿದ ತಕ್ಷಣ ಮೂಗಿಗೆ ಬಡಿಯುವುದು ಬರ್ಗಮಾಟ್ ಅನ್ನುವ ನಿಂಬೆಜಾತಿಯ ಹಣ್ಣಿನ ಚುರುಕು ವಾಸನೆ, ಹಿಂದೆಯೇ ಸ್ವಲ್ಪ ಹೊಗೆ, ಸ್ವಲ್ಪ ಚರ್ಮದ ಘಾಟು. ಎಷ್ಟೋ ಜನ ಅಲ್ಲೇ ಮುಖ ಸಿಂಡರಿಸಿ ಪಟ್ಟಿ ಕೆಳಗಿಡುತ್ತಾರೆ. ಒಂದು ಗಂಟೆ ಕಾದವರಿಗೆ ಮಾತ್ರ ವೆನಿಲಾ, ಟೊಂಕಾ ಬೀಜ, ರಾಳ ಎಲ್ಲ ಕೂಡಿ ಬರುವ ಆ ಮೆತ್ತನೆಯ ಭಾಗ ಸಿಗುತ್ತದೆ. ನೂರು ವರ್ಷ ಜನ ಪ್ರೀತಿಸಿದ್ದು ಆ ಭಾಗವನ್ನು. ಅಂಗಡಿಯ ಐದು ನಿಮಿಷದ ಲೆಕ್ಕದಲ್ಲಿ ಶಾಲಿಮಾರ್ ಫೇಲು!

ವೆನಿಲಾ ಬಗ್ಗೆ ಇನ್ನೊಂದು ಮಾತು. "ಸಿಂಥೆಟಿಕ್ ಇದ್ದರೆ ಬೇಡ, ಅಪ್ಪಟ ನೈಸರ್ಗಿಕ ಬೇಕು" ಅನ್ನುವವರಿದ್ದಾರೆ. ವೆನಿಲಿನ್ ಅನ್ನು ಪ್ರಯೋಗಾಲಯದಲ್ಲಿ ಮೊದಲು ಮಾಡಿದ್ದು ಟೀಮಾನ್ ಮತ್ತು ಹಾರ್ಮಾನ್ ಎಂಬ ಜರ್ಮನಿಯ ವಿಜ್ಞಾನಿಗಳು, 1874ರಲ್ಲಿ. ಟೊಂಕಾ ಬೀಜದ ಘಮ ಕೊಡುವ ಕೂಮರಿನ್ ಅನ್ನು ವಿಲಿಯಂ ಪರ್ಕಿನ್ ಅದಕ್ಕೂ ಮುಂಚೆ, 1868ರಲ್ಲೇ ಮಾಡಿದ್ದರು. 1889ರಲ್ಲಿ ಬಂದ ಗೆರ್ಲಾನಿನ ಜಿಕಿ ಅನ್ನುವ ಪರ್ಫ್ಯೂಮ್ ಎರಡನ್ನೂ ಬಳಸಿತು. ಇವತ್ತು ನಾವು ಬೆಚ್ಚಗೆ ಅನ್ನುವ ಪರಿಮಳದ ದಾರಿ ತೆರೆದದ್ದೇ ಈ ಅಣುಗಳು. ನೈಸರ್ಗಿಕ ಶ್ರೀಗಂಧಕ್ಕೆ ಸಾಟಿಯಿಲ್ಲ ಅನ್ನುವುದು ನಿಜ. ಆದರೆ ಲವಂಗ, ದಾಲ್ಚಿನ್ನಿ ಎಣ್ಣೆಗಳೂ ನೈಸರ್ಗಿಕವೇ, ನೇರವಾಗಿ ಹಚ್ಚಿದರೆ ಚರ್ಮ ಉರಿದು ಕೆಂಪಾಗಬಹುದು. ದಯವಿಟ್ಟು ಹಾಗೆ ಹಚ್ಚಬೇಡಿ.

ಈಗ ಸಕ್ಕರೆಯ ವಿಷಯ. 1992ರಲ್ಲಿ ಫ್ಯಾಷನ್ ಡಿಸೈನರ್ ಥಿಯರಿ ಮ್ಯೂಗ್ಲರ್ ಹೆಸರಿನಲ್ಲಿ ಏಂಜಲ್ ಅನ್ನುವ ಪರ್ಫ್ಯೂಮ್ ಬಂತು. ಒಲಿವಿಯರ್ ಕ್ರೆಸ್ಪ್ ಮಾಡಿದ್ದು. ಎಥೈಲ್ ಮಾಲ್ಟಾಲ್ ಅನ್ನುವ, ಕಾಯಿಸಿದ ಸಕ್ಕರೆಯ ವಾಸನೆಯ ವಸ್ತುವನ್ನು ಧಾರಾಳವಾಗಿ ಹಾಕಿ, ಅದರ ಎದುರಿಗೆ ಅಷ್ಟೇ ಗಟ್ಟಿಯಾದ ಪಚೋಲಿ ನಿಲ್ಲಿಸಿದ್ದರು. ಸಿಹಿಗೆ ಮಣ್ಣಿನ, ಮರದ ಎದುರೇಟು ಇತ್ತು. ಅದು ನಿಮಗೆ ಇಷ್ಟವಾಗಬಹುದು, ಆಗದಿರಬಹುದು, ಆದರೆ ಅದರಲ್ಲಿ ಒಂದು ಯೋಚನೆ ಇದೆ. ಆಮೇಲೆ ಬಂದ ಹಲವು ಬಾಟಲಿಗಳು ಸಕ್ಕರೆಯನ್ನು ಮಾತ್ರ ಇಟ್ಟುಕೊಂಡು ಪಚೋಲಿಯನ್ನು ಕೈಬಿಟ್ಟವು. ಈಗ ಚಳಿಗಾಲದ ಪರ್ಫ್ಯೂಮ್ ಅಂದರೆ ಕ್ಯಾರಮೆಲ್, ಅದರ ಮೇಲೆ ಇನ್ನಷ್ಟು ಕ್ಯಾರಮೆಲ್. ಮೊದಲ ಐದು ನಿಮಿಷ ಚೆನ್ನಾಗಿಯೇ ಇರುತ್ತದೆ, ಅದಕ್ಕೇ ಮಾರಾಟವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು. ಇವತ್ತು ಆ ಹುಡುಗಿ ಕೊಂಡುಹೋದದ್ದೂ ಅಂಥದ್ದೇ. ಬೆಚ್ಚಗಿರುವುದಕ್ಕೆ ಸಿಹಿ ಬೇಕೇ ಬೇಕು ಅಂತ ಯಾರು ಹೇಳಿದರು? ಶ್ರೀಗಂಧ ಸಿಹಿಯಾ? ದೇವದಾರು ಸಿಹಿಯಾ? ಲ್ಯಾಬ್ಡನಮ್ಮಿನ ಆ ಅಂಟಂಟು, ತೊಗಲಿನಂಥ ಘಮ? ಚಳಿಯಲ್ಲಿ ಅವು ಕೊಡುವ ಹಿತವನ್ನು ಸಕ್ಕರೆ ಕೊಡಲಾರದು.

ಒಂದು ವಾದ ಇದೆ, ಗೊತ್ತು. ಚಳಿಗೆ ವಾಸನೆ ಮಂಕಾಗುತ್ತದೆ, ಒಣ ಗಾಳಿಗೆ ಮೂಗೂ ಮಂಕಾಗುತ್ತದೆ, ಹಾಗಾಗಿ ಜೋರಾದದ್ದನ್ನೇ ಹಾಕಬೇಕು ಅಂತ. ಮೊದಲರ್ಧ ಸರಿ. ಆದರೆ ಚಳಿಗಾಲದಲ್ಲಿ ನಾವು ದಿನದ ಹೆಚ್ಚು ಹೊತ್ತು ಎಲ್ಲಿರುತ್ತೇವೆ? ಕಿಟಕಿ ಬಾಗಿಲು ಮುಚ್ಚಿದ ಕೋಣೆಗಳಲ್ಲಿ. ಹೊರಗಿನ ಚಳಿಗೆ ಅಂತ ಎಂಟು ಸಲ ಸ್ಪ್ರೇ ಮಾಡಿಕೊಂಡವರು ಒಳಗೆ ಬಂದು ಕೋಟು ಬಿಚ್ಚಿದರೆ ಪಕ್ಕದವರ ಗತಿಯೇನು? ಅಸ್ತಮಾ ಇರುವವರು, ಮೈಗ್ರೇನ್ ಇರುವವರು ಎದ್ದು ಹೋಗೋಕೂ ಆಗದೆ ಕೂತಿರುತ್ತಾರೆ. ಲಿಫ್ಟಿನಲ್ಲಿ ಮೂಗು ಮುಚ್ಚಿಕೊಂಡು ನಿಂತವರನ್ನು ನಾನು ಕಂಡಿದ್ದೇನೆ. ಆಗ ಪರ್ಫ್ಯೂಮ್ ಪ್ರೀತಿಸುವ ನನಗೇ ನಾಚಿಕೆಯಾಗುತ್ತದೆ. ಹೊರಗೆ ಗಾಳಿಯಲ್ಲಿ ಯಾರಿಗೂ ಗೊತ್ತಾಗದಿದ್ದರೆ ಏನಂತೆ? ನನಗೆ ಗೊತ್ತಾಗುತ್ತದೆ, ಸಾಕು.

ಇನ್ನೊಂದು ಮಾತು ಹೇಳುತ್ತೇನೆ, ಇದನ್ನು ಹೆಚ್ಚು ಜನಕ್ಕೆ ಹೇಳಿಲ್ಲ. ಚಳಿಗಾಲ ನನಗೆ ಕಷ್ಟ. ಬೇಗ ಕತ್ತಲಾಗುತ್ತದೆ, ಸಂಜೆಯಾದರೆ ಮನಸ್ಸು ಕುಸಿಯುತ್ತದೆ, ಕಾರಣವೇ ಇಲ್ಲದೆ ಅಳು ಬರುವ ದಿನಗಳೂ ಇವೆ. ಆಗ ನಾನು ಮಲಗುವ ಮುಂಚೆ ಎದೆಯ ಹತ್ತಿರ ಶ್ರೀಗಂಧದ ಪರ್ಫ್ಯೂಮ್ ಒಂದಿಷ್ಟು ಹಚ್ಚಿಕೊಳ್ಳುತ್ತೇನೆ. ಯಾರೂ ನೋಡುವವರಿಲ್ಲ, ಯಾರೂ ಮೆಚ್ಚುವವರಿಲ್ಲ. ಹೊದಿಕೆ ಎಳೆದುಕೊಂಡಾಗ ಒಳಗಿನಿಂದ ಘಮ ಏಳುತ್ತದೆ, ಉಸಿರು ಉದ್ದವಾಗುತ್ತದೆ, ಎದೆ ಸ್ವಲ್ಪ ಹಗುರಾಗುತ್ತದೆ. ವಾಸನೆಯ ಸುದ್ದಿ ಮಿದುಳಿನಲ್ಲಿ ಭಾವನೆ ಮತ್ತು ನೆನಪಿನ ಜಾಗಗಳಿಗೆ ಬೇರೆ ಇಂದ್ರಿಯಗಳಿಗಿಂತ ನೇರವಾದ ದಾರಿಯಲ್ಲಿ ತಲುಪುತ್ತದೆ ಅಂತ ಓದಿ ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಇದು ಔಷಧಿ ಅಂತ ಹೇಳುತ್ತಿಲ್ಲ. ಆದರೆ ಹಿತ ಬೇಕು ಅಂತ ಕೇಳಿದವರ ಮುಂದೆ "ಎಲ್ಲರೂ ತಿರುಗಿ ನೋಡ್ತಾರೆ" ಅಂದರೆ ನನಗೆ ಯಾಕೆ ಇಷ್ಟು ನೋವಾಗುತ್ತದೆ ಅಂತ ಈಗ ನಿಮಗೆ ಅರ್ಥವಾಗಿರಬಹುದು.

ಸರಿ, ಹಾಗಾದರೆ ಆರಿಸುವುದು ಹೇಗೆ? ಕಾಗದದ ಪಟ್ಟಿಯನ್ನು ಬೇಡದ್ದನ್ನು ಬಿಡೋಕೆ ಮಾತ್ರ ಬಳಸಿ. ಪಟ್ಟಿಗೆ ಮೈಬಿಸಿ ಇಲ್ಲ, ಚರ್ಮದ ಎಣ್ಣೆಯಂಶ ಇಲ್ಲ. ಇಷ್ಟವಾದ ಎರಡನ್ನು, ಒಂದೊಂದು ಕೈಗೆ ಒಂದೊಂದು, ಹಾಕಿಸಿಕೊಂಡು ಅಂಗಡಿಯಿಂದ ಹೊರಗೆ ಬನ್ನಿ. ಮಣಿಕಟ್ಟು ಉಜ್ಜಬೇಡಿ, ಉಜ್ಜಿದರೆ ಹಗುರವಾದ ಘಮ ಬೇಗ ಹೋಗುತ್ತದೆ. ಮೂಗು ದಣಿದರೆ ಕಾಫಿ ಬೀಜ ಮೂಸಬೇಕು ಅನ್ನುತ್ತಾರೆ, ಅದರ ಅಗತ್ಯವಿಲ್ಲ, ಆಚೆ ಹೋಗಿ ಶುದ್ಧ ಗಾಳಿ ತೆಗೆದುಕೊಂಡರೆ ಸಾಕು. ಆಮೇಲೆ ನಿಮ್ಮ ಕೆಲಸ ನೋಡಿಕೊಳ್ಳಿ. ನಾಲ್ಕೈದು ಗಂಟೆ ಬಿಟ್ಟು ಮೂಸಿ. ಆಗಲೂ ಇಷ್ಟವಾದರೆ ಅದು ನಿಮ್ಮದು. ಮಾರುವವರು "ಆಫರ್ ಇವತ್ತೇ ಕೊನೆ" ಅಂದರೂ ಹೊರಡಿ.

ಕೆಲವರಿಗೆ ಕೆಲವು ಮಸ್ಕ್‌ಗಳ ವಾಸನೆಯೇ ಗೊತ್ತಾಗುವುದಿಲ್ಲ, ಅದು ಹುಟ್ಟಿನಿಂದ ಬರುವಂಥದ್ದು. ಯಾವುದೇ ವಾಸನೆಗೂ ಮೂಗು ಸ್ವಲ್ಪ ಹೊತ್ತಲ್ಲೇ ಒಗ್ಗಿಕೊಳ್ಳುತ್ತದೆ. ಹಾಗಾಗಿ ನಿಮಗೆ ವಾಸನೆ ಗೊತ್ತಾಗುತ್ತಿಲ್ಲ ಅಂತ ಮೇಲಿಂದ ಮೇಲೆ ಹೊಡೆದುಕೊಳ್ಳಬೇಡಿ. ಮನೆಯವರನ್ನು ಒಂದು ಮಾತು ಕೇಳಿ.

ಹಾಕುವ ಜಾಗವೂ ಮುಖ್ಯ. ಚಳಿಯಲ್ಲಿ ಮಣಿಕಟ್ಟು ತಣ್ಣಗಿರುತ್ತದೆ. ಬಟ್ಟೆಯೊಳಗೆ ಎದೆ, ಮೊಣಕೈಯ ಒಳಮಡಿಕೆ ಬೆಚ್ಚಗಿರುತ್ತವೆ, ಅಲ್ಲಿಗೆ ಹಾಕಿ. ಮುಂಚೆ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿದರೆ ಒಣ ಚರ್ಮದ ಮೇಲೂ ಹೆಚ್ಚು ಹೊತ್ತು ನಿಲ್ಲುತ್ತದೆ. ಉಣ್ಣೆಯ ಶಾಲು, ಮಫ್ಲರ್ ಪರಿಮಳವನ್ನು ದಿನಗಟ್ಟಲೆ ಹಿಡಿದಿಡುತ್ತವೆ, ನಿಜ. ಆದರೆ ವೆನಿಲಾ, ರಾಳ ಜಾಸ್ತಿ ಇರುವ ಕಂದುಬಣ್ಣದ ಪರ್ಫ್ಯೂಮ್ ತಿಳಿಬಣ್ಣದ ಬಟ್ಟೆಗೆ ಕಲೆ ಮಾಡುತ್ತದೆ. ವೆನಿಲಿನ್ ಇರುವ ಪರ್ಫ್ಯೂಮ್ ಬಾಟಲಿಯೊಳಗೇ ವರ್ಷ ಕಳೆದಂತೆ ಕಪ್ಪಾಗುತ್ತಾ ಬರುತ್ತದೆ. ಹಾಳಾಯಿತು ಅಂತ ಬಿಸಾಡಬೇಡಿ, ಮೂಸಿ ನೋಡಿ. ಬಾಟಲಿಯನ್ನು ಬಚ್ಚಲುಮನೆಯಲ್ಲಂತೂ ಇಡಬೇಡಿ. ಕತ್ತಲೆ, ತಂಪು ಇರುವ ಬೀರು ಒಳ್ಳೆಯದು.

"ಸುಮ್ನೆ ಒಂದು ಹೆಸರು ಹೇಳು" ಅಂತ ಕೇಳುವವರಿಗೆ ಹೆಸರನ್ನೂ ಹೇಳುತ್ತೇನೆ. ಶ್ರೀಗಂಧ ಇಷ್ಟವಿದ್ದರೆ ಶನೆಲ್ಲಿನ ಬ್ವಾ ದೆಸ್ ಈಲ್, 1926ರದ್ದು. ಗಂಧದ ಜೊತೆ ಮಲ್ಲಿಗೆಯೂ ಬೇಕು ಅಂದರೆ ಗೆರ್ಲಾನಿನ 'ಸಂಸಾರ' (Samsara) ಅನ್ನುವ ಪರ್ಫ್ಯೂಮ್, 1989ರದ್ದು. ಸಿಹಿ ಬೇಡ, ಮರದ ಘಮ ಸಾಕು ಅನ್ನುವವರು ದೇವದಾರನ್ನೇ ನಡುವಿಗಿಟ್ಟುಕೊಂಡ ಫೆಮಿನಿತೆ ದ್ಯು ಬ್ವಾ ಹುಡುಕಿ. ಗಂಡಸರು ಈ ಹೆಸರುಗಳನ್ನು ನೋಡಿ ಹಿಂಜರಿಯಬೇಡಿ, ಗಂಧಕ್ಕೆ ಹೆಣ್ಣು ಗಂಡು ಅಂತ ಇಲ್ಲ. ಎಲ್ಲ ದುಬಾರಿ, ಒಪ್ಪುತ್ತೇನೆ. ಚಿಕ್ಕ ಸ್ಯಾಂಪಲ್ ಸಿಕ್ಕರೆ ಅದನ್ನೇ ತೆಗೆದುಕೊಂಡು ಒಂದು ವಾರ ಹಾಕಿ ನೋಡಿ. ಕಡಿಮೆ ಬೆಲೆಯ ಒಳ್ಳೆಯ ಗಂಧ, ಒಳ್ಳೆಯ ವೆನಿಲಾ ಕೂಡ ಇದೆ. ಅವುಗಳನ್ನೂ ಹೀಗೇ ಮೈಮೇಲೆ ಹಾಕಿಯೇ ಹುಡುಕಬೇಕು.

ನೀವು ಈ ಚಳಿಗೆ ಏನು ಹಾಕುತ್ತಿದ್ದೀರಿ ಅಂತ ಕೆಳಗೆ ಬರೆಯಿರಿ. ಬರೀ ಹೆಸರು ಬೇಡ. ಬೆಳಿಗ್ಗೆ ಹಾಕಿದ್ದು ಸಂಜೆಗೆ ಹೇಗಿತ್ತು, ಅದನ್ನೂ ಬರೆಯಿರಿ. ನಾನು ಎಲ್ಲವನ್ನೂ ಓದುತ್ತೇನೆ.