ಸೀರೆ ಆರಿಸುವ ಕಣ್ಣು ಮನೆಗೇಕೆ ಒದಗುವುದಿಲ್ಲ?

ಹೊರನಾಡಿನಲ್ಲಿ ನೆಲೆಸಿದವನಿಗೆ ಎರಡು ಬಗೆಯ ಬದುಕನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಚಟ ತಾನಾಗಿಯೇ ಅಂಟಿಕೊಳ್ಳುತ್ತದೆ. ಉಡುಪು ಮತ್ತು ಮನೆಯ ಒಳಾಂಗಣದ ವಿಷಯದಲ್ಲಂತೂ ಈ ಹೋಲಿಕೆ ನನಗೆ ಸಾಕಷ್ಟು ವಿಚಿತ್ರವಾಗಿಯೇ ಕಂಡಿದೆ. ನಾನೀಗ ಇರುವ ಚಳಿನಾಡಿನ ಜನ ಮನೆಯಿಂದ ಹೊರಡುವಾಗ ಕಪ್ಪು, ಬೂದು, ಕಡುನೀಲಿಗಳನ್ನು ದಾಟಿ ಹೆಚ್ಚು ದೂರ ಹೋಗುವುದಿಲ್ಲ. ಆದರೆ ಅವರ ಮನೆಯೊಳಗೆ ಕಾಲಿಟ್ಟರೆ ಉಣ್ಣೆಯ ಹೊದಿಕೆ, ಲಿನನ್ ಪರದೆ, ಕುರ್ಚಿಯ ಬೆನ್ನಿಗೆ ಇಳಿಬಿಟ್ಟ ಶಾಲು, ಕಾಲಿಗೆ ಹಿತವಾಗುವ ನೆಲಹಾಸು ಇವೆಲ್ಲವನ್ನೂ ಯಾರೋ ನಿಂತು ಯೋಚಿಸಿ ಇಟ್ಟಿರುವುದು ತಿಳಿಯುತ್ತದೆ. ನಮ್ಮವರದು ಇದಕ್ಕೆ ತಿರುಗುಮುರುಗು. ಬಟ್ಟೆಯ ಅಂಗಡಿಯಲ್ಲಿ ಒಂದು ಸೀರೆಗಾಗಿ ಇಪ್ಪತ್ತು ಸೀರೆ ಬಿಚ್ಚಿಸಿ, ಬಟ್ಟೆಯ ಮೈ ಮುಟ್ಟಿ, ಜರಿಯ ತೂಕ ನೋಡಿ, ಬಣ್ಣ ಮೈಗೊಪ್ಪುವುದೋ ಇಲ್ಲವೋ ಎಂದು ಖಚಿತವಾಗಿ ಹೇಳಬಲ್ಲ ಗೃಹಿಣಿಯೂ, ಪಂಚೆಯ ಅಂಚು ಒಂದು ಬೆರಳು ಅಗಲವಾದರೂ ಬೇಡವೆನ್ನುವ ಯಜಮಾನರೂ, ಮನೆಯ ಒಳಾಂಗಣದ ಮಾತು ಬಂದೊಡನೆ ಗುತ್ತಿಗೆದಾರ ತಂದ ಲ್ಯಾಮಿನೇಟ್ ಮಾದರಿಗಳ ಪುಸ್ತಕಕ್ಕೆ ಸುಮ್ಮನೆ ತಲೆಯಾಡಿಸುತ್ತಾರೆ.

ನಮಗೆ ಅಭಿರುಚಿಯ ಕೊರತೆಯಿದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬಟ್ಟೆಯನ್ನು ಓದುವ ಕಣ್ಣು ನಮ್ಮಲ್ಲಿ ಇಲ್ಲಿನವರಿಗಿಂತ ಚುರುಕಾಗಿಯೇ ಇದೆ. ಆ ಕಣ್ಣು ಬೀರುವಿನ ಬಾಗಿಲ ಬಳಿಯೇ ನಿಂತುಬಿಡುತ್ತದೆ ಎಂಬುದಷ್ಟೇ ನನ್ನ ದೂರು. ಇದಕ್ಕೆ ಕಾರಣವೂ ಇದೆ. ಉಡುಪು ನಮ್ಮಲ್ಲಿ ವರ್ಷಗಟ್ಟಲೆ ಒಂದೊಂದಾಗಿ ಕೂಡಿಬರುತ್ತದೆ. ಒಪ್ಪದ್ದನ್ನು ಬದಿಗಿಟ್ಟು, ಒಪ್ಪಿದ್ದನ್ನು ಮತ್ತೆ ಮತ್ತೆ ಉಟ್ಟು, ನಮಗೇನು ಹಿಡಿಸುತ್ತದೆ ಎಂಬುದನ್ನು ನಾವು ನಿಧಾನವಾಗಿ ಕಂಡುಕೊಳ್ಳುತ್ತೇವೆ. ಮನೆಯ ಒಳಾಂಗಣವಾದರೋ ಒಕ್ಕಲು ಹೋಗುವ ಮುಂಚೆಯೇ, ಅಲ್ಲಿ ಒಂದು ದಿನವೂ ಬದುಕದೆ, ಅಡುಗೆಮನೆಯಿಂದ ಟಿವಿಯ ಗೋಡೆಯವರೆಗೆ ಒಂದೇ ಏಟಿಗೆ ತೀರ್ಮಾನವಾಗಿ, ಗೋಡೆಗೆ ಮೊಳೆ ಹೊಡೆದು ಕೂಡಿಸಲ್ಪಡುತ್ತದೆ. ಒಂದು ಜನ್ಮಕ್ಕಾಗುವಷ್ಟು ಬಟ್ಟೆಯನ್ನು ಒಂದೇ ಮಧ್ಯಾಹ್ನದಲ್ಲಿ ಕೊಳ್ಳಬೇಕೆಂದು ಹೇಳಿದರೆ ಎಷ್ಟು ಜಾಣರೂ ಎಡವುತ್ತಾರೆ. ಚಳಿನಾಡಿನವರಿಗೆ ವರ್ಷದ ಹೆಚ್ಚು ಭಾಗ ಒಳಗೇ ಕಳೆಯಬೇಕಾದ ಅನಿವಾರ್ಯತೆಯಿರುವುದರಿಂದಲೂ, ಋತು ಬದಲಾದಂತೆ ಹೊದಿಕೆ ಪರದೆಗಳನ್ನು ಬದಲಾಯಿಸುವ ರೂಢಿಯಿರುವುದರಿಂದಲೂ ಅವರ ಮನೆ ಬೀರುವಿನ ಹಾಗೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಅವರಿಂದ ಕಲಿಯಬೇಕಾದ್ದು ಬೂದುಬಣ್ಣವನ್ನಲ್ಲ, ಈ ನಿಧಾನವನ್ನು.

ಉಡುಪಿಗೂ ಮನೆಗೂ ನಂಟು ಕಲ್ಪಿಸುವುದು ಇತ್ತೀಚಿನ ಫ್ಯಾಷನ್ ಪತ್ರಿಕೆಗಳ ಕಲ್ಪನೆಯೇನೂ ಅಲ್ಲ. ಜರ್ಮನ್ ವಾಸ್ತುಶಿಲ್ಪಿ ಗಾಟ್‌ಫ್ರೀಡ್ ಸೆಂಪರ್ 19ನೆಯ ಶತಮಾನದ ಮಧ್ಯದಲ್ಲಿಯೇ ಮನುಷ್ಯನ ಮೊದಲ ಗೋಡೆ ಕಲ್ಲಿನದಲ್ಲ, ನೆಯ್ದು ತೂಗುಬಿಟ್ಟ ಚಾಪೆ ಮತ್ತು ಬಟ್ಟೆಯದು ಎಂದು ವಾದಿಸಿದ್ದ. ಕಲ್ಲು ಇಟ್ಟಿಗೆಗಳು ಆ ಬಟ್ಟೆಯನ್ನು ಹಿಡಿದು ನಿಲ್ಲಿಸಲು ಆಮೇಲೆ ಬಂದವು ಎಂಬುದು ಅವನ ನಿಲುವು. ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ ಇದೇ ಎಳೆಯನ್ನು ಹಿಡಿದು, ವಾಸ್ತುಶಿಲ್ಪಿಯ ಮೊದಲ ಕೆಲಸ ಬೆಚ್ಚಗಿನ, ಬಾಳಬಲ್ಲ ಜಾಗವನ್ನು ಒದಗಿಸುವುದೆಂದೂ ಅದನ್ನು ಹೊತ್ತು ನಿಲ್ಲುವ ಚೌಕಟ್ಟಿನ ಯೋಚನೆ ಎರಡನೆಯದೆಂದೂ 1898ರಲ್ಲಿ ಬರೆದ. 1903ರಲ್ಲಿ ತನ್ನ ಹೆಂಡತಿಗಾಗಿ ಮಾಡಿದ ಮಲಗುವ ಕೋಣೆಯಲ್ಲಿ ಆ ಮಾತನ್ನು ಮಾಡಿಯೂ ತೋರಿಸಿದ: ಗೋಡೆಗಳ ಸುತ್ತ ತೆಳುವಾದ ಬಿಳಿ ಬಟ್ಟೆಯ ಪರದೆ, ನೆಲದ ಮೇಲೆ ಬಿಳಿಯ ಅಂಗೋರಾ ತುಪ್ಪಳ. ಇಡೀ ಕೋಣೆಯನ್ನು ಮೈಗೆ ತಗಲುವ ವಸ್ತುವೆಂದು ಎಣಿಸಿದವನು ಮಾತ್ರ ಹಾಗೆ ಮಾಡಬಲ್ಲ.

ಉಡುಪಿನ ಕಡೆಯಿಂದ ಮನೆಗೆ ಬಂದವರೂ ಇದ್ದಾರೆ. ಪ್ಯಾರಿಸ್ಸಿನ ಉಡುಪು ವಿನ್ಯಾಸಕ ಪಾಲ್ ಪ್ವಾರೆ 1911ರಲ್ಲಿ ಒಳಾಂಗಣಕ್ಕೆಂದೇ ಒಂದು ಕಾರ್ಯಾಗಾರವನ್ನು ತೆರೆದು, ಚಿತ್ರಕಲೆಯ ತರಬೇತಿಯಿಲ್ಲದ ಎಳೆಯ ಹುಡುಗಿಯರಿಂದ ಗಿಡ ಹೂಗಳನ್ನು ಬರೆಯಿಸಿ ಆ ಚಿತ್ರಗಳನ್ನು ಗೋಡೆಕಾಗದ, ನೆಲಹಾಸು, ಪರದೆಗಳ ಮೇಲೆ ತಂದ. ಅದೇ ವರ್ಷ ಅದೇ ಊರಿನಲ್ಲಿ ಚಿತ್ರಕಲಾವಿದೆ ಸೋನಿಯಾ ದಲೋನೆ ತನ್ನ ಕೂಸಿಗಾಗಿ ಬಣ್ಣಬಣ್ಣದ ಬಟ್ಟೆಯ ತುಂಡುಗಳನ್ನು ಕೂಡಿಸಿ ಒಂದು ಹೊದಿಕೆಯನ್ನು ಹೊಲಿದಳು. 1913ರ ಹೊತ್ತಿಗೆ ಅದೇ ತುಂಡುಗಳ ಲೆಕ್ಕಾಚಾರ ಅವಳು ಉಡುವ ಗೌನಾಯಿತು, ಮುಂದಿನ ದಶಕದಲ್ಲಿ ಅವಳ ಮನೆಯ ಗೋಡೆ, ಕುರ್ಚಿಗಳಿಗೂ ಹಬ್ಬಿತು. ಹರಿದ ಸೀರೆಗಳಿಂದ ಕೌದಿ ಹೊಲಿದ ಅಜ್ಜಿಯರನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಆಶ್ಚರ್ಯವೇನಿದ್ದರೂ ನಾವು ಕೌದಿಯನ್ನು ಅಟ್ಟಕ್ಕೆ ಹಾಕಿ, ಕೌದಿಯ ಚಿತ್ರ ಅಚ್ಚುಹಾಕಿದ ಪಾಲಿಯೆಸ್ಟರ್ ಹೊದಿಕೆಯನ್ನು ಕೊಂಡು ತರುವುದರಲ್ಲಿದೆ. ಉಡುಪು ವಿನ್ಯಾಸಕರಾದ ರಾಲ್ಫ್ ಲಾರೆನ್ 1983ರಲ್ಲಿ, ಅರ್ಮಾನಿ 2000ದಲ್ಲಿ ಆರಂಭಿಸಿದಂಥ ಗೃಹಸಜ್ಜೆಯ ಸಂಗ್ರಹಗಳ ವಿಷಯದಲ್ಲಿಯೂ ನನಗೆ ಹೆಚ್ಚಿನ ಉತ್ಸಾಹವಿಲ್ಲ; ಅಲ್ಲಿ ಮನೆಗೆ ಬರುವುದು ಬೇರೊಬ್ಬನ ಉಡುಪಿನ ಶೈಲಿ, ನನ್ನದಲ್ಲ.

ಹಾಗಾದರೆ ನಮ್ಮ ಉಡುಪಿನಿಂದ ಮನೆ ಏನನ್ನು ಪಡೆಯಬಹುದು? ಮೊದಲನೆಯದಾಗಿ ಬಣ್ಣಗಳ ಪ್ರಮಾಣವನ್ನು. ಒಳಾಂಗಣ ವಿನ್ಯಾಸಕರು ಶೇಕಡಾ 60, 30, 10 ಎಂಬ ಸೂತ್ರವೊಂದನ್ನು ಹೇಳುತ್ತಾರೆ: ಕೋಣೆಯ ಬಹುಪಾಲು ಒಂದು ಬಣ್ಣ, ಅದರ ಅರ್ಧದಷ್ಟು ಇನ್ನೊಂದು, ಅಲ್ಲಲ್ಲಿ ಎದ್ದುಕಾಣುವ ಮೂರನೆಯದು. ಒಡಲು, ಸೆರಗು, ಅಂಚು ಎಂದು ಸೀರೆಯನ್ನು ಓದಬಲ್ಲವರಿಗೆ ಈ ಸೂತ್ರವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ, ಮಾತ್ರವಲ್ಲ, ಸೀರೆ ಇದಕ್ಕಿಂತ ಸೂಕ್ಷ್ಮವಾದುದನ್ನು ಹೇಳುತ್ತದೆ. ಒಡಲು ಶಾಂತವಾಗಿದ್ದಷ್ಟೂ ಸೆರಗು ಮಾತಾಡಬಹುದು. ಒಡಲಲ್ಲೇ ಬುಟ್ಟಾಗಳು ದಟ್ಟವಾಗಿದ್ದರೆ ಸೆರಗು ಹಿಂದೆ ಸರಿಯಬೇಕು. ಅಂಚು ಎರಡು ಬಣ್ಣಗಳ ನಡುವಿನ ಜಗಳವನ್ನು ಬಿಡಿಸುವ ಗೆರೆ. ಒಡಲಿನ ಬಣ್ಣಕ್ಕೂ ಸೆರಗಿನ ಬಣ್ಣಕ್ಕೂ ನೇರ ಹೊಂದಾಣಿಕೆ ಇಲ್ಲದಿದ್ದರೂ ಅಂಚಿನಲ್ಲಿ ಎರಡೂ ಬಂದು ಸೇರಿದರೆ ಕಣ್ಣು ಒಪ್ಪುತ್ತದೆ. ಕೋಣೆಯಲ್ಲಿ ಗೋಡೆಯೂ ನೆಲವೂ ಒಡಲು. ದೊಡ್ಡ ಪರದೆಯೋ ನೆಲಹಾಸೋ ಸೆರಗು. ಬಾಗಿಲ ಚೌಕಟ್ಟು, ಪರದೆಯ ಕೆಳಪಟ್ಟಿ, ಕುಶನ್ನಿನ ಅಂಚು ಇವು ಅಂಚಿನ ಕೆಲಸವನ್ನೇ ಮಾಡುತ್ತವೆ. ನಾಲ್ಕು ಗೋಡೆಗೂ ಒಂದೊಂದು ಬಣ್ಣ, ಛಾವಣಿಗೊಂದು ವಿನ್ಯಾಸ, ಟಿವಿಯ ಹಿಂದೆ ಇನ್ನೊಂದು ಎಂಬ ಕೋಣೆಯನ್ನು ಕಂಡಾಗ, ಎರಡು ಸೆರಗಿರುವ ಸೀರೆಯನ್ನು ನಾವು ಉಡುತ್ತೇವೆಯೇ ಎಂದು ಕೇಳಬೇಕೆನಿಸುತ್ತದೆ.

ಬಣ್ಣದ ಬಗೆಗೇ ಇನ್ನೊಂದು ಮಾತು. ಸೀರೆಯನ್ನೋ ಶರ್ಟಿನ ಬಟ್ಟೆಯನ್ನೋ ಕೊಳ್ಳುವ ಮುನ್ನ ಅದನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಲ್ಲಿ ನೋಡುವವರು ನಾವು. ಒಳಗಿನ ದೀಪದ ಬೆಳಕನ್ನು ನಂಬಬಾರದೆಂದು ನಮಗೆ ಗೊತ್ತು. ಅದೇ ನಾವು ಗೋಡೆಯ ಬಣ್ಣವನ್ನು ಬೆರಳುದ್ದದ ಕಾಗದದ ಚೂರನ್ನು ನೋಡಿ ಆರಿಸುತ್ತೇವೆ. ಚೂರಿನಲ್ಲಿ ತಿಳಿಯಾಗಿ ಕಂಡ ಬಣ್ಣ ನಾಲ್ಕು ಗೋಡೆಗೆ ಹರಡಿದಾಗ ಗಾಢವಾಗಿಯೇ ಕಾಣುವುದು. ಬೆಳಗಿನ ಬಿಸಿಲಿನಲ್ಲಿ ಒಂದು ಬಗೆ, ಹಳದಿ ಛಾಯೆಯ 2700 ಕೆಲ್ವಿನ್ ಬಲ್ಬಿನಡಿ ಇನ್ನೊಂದು ಬಗೆ, ಬಿಳಿಚು ಬೆಳಕಿನ 6500 ಕೆಲ್ವಿನ್ ಟ್ಯೂಬಿನಡಿ ಮತ್ತೊಂದು ಬಗೆ ಕಾಣುವುದು. ಬಣ್ಣ ತನ್ನ ನೆರೆಯ ಬಣ್ಣದಿಂದಲೂ ಬದಲಾಗುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ತೋರಿಸಿದವನು ನೇಯ್ಗೆಯ ಲೋಕದವನೇ ಎಂಬುದು ಇಲ್ಲಿ ನೆನೆಯತಕ್ಕದ್ದು. ಫ್ರಾನ್ಸಿನ ಗೋಬ್ಲಾಂ ಚಿತ್ರನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್, ಕಪ್ಪು ನೂಲು ಕಳೆಗುಂದಿದೆ ಎಂಬ ದೂರನ್ನು ಪರೀಕ್ಷಿಸಿ, ನೂಲಿನ ಬಣ್ಣದಲ್ಲಿ ದೋಷವಿಲ್ಲ, ಪಕ್ಕದಲ್ಲಿ ನೆಯ್ದ ನೀಲಿ ನೇರಳೆಗಳು ಅದನ್ನು ಹಾಗೆ ಕಾಣಿಸುತ್ತಿವೆ ಎಂದು ಕಂಡುಕೊಂಡ. 1839ರಲ್ಲಿ ಈ ಕುರಿತು ಅವನು ಪ್ರಕಟಿಸಿದ ಗ್ರಂಥ ಮುಂದಿನ ಚಿತ್ರಕಾರರಿಗೆಲ್ಲ ಪಾಠವಾಯಿತು. ರವಿಕೆಯ ಬಟ್ಟೆಯನ್ನು ಸೀರೆಯ ಮೇಲೆಯೇ ಇಟ್ಟು ನೋಡುವವರು ಸೋಫಾದ ಬಟ್ಟೆಯ ತುಂಡನ್ನೂ ಮನೆಗೆ ತಂದು ಗೋಡೆಗೆ ಆನಿಸಿ, ಹಗಲೂ ರಾತ್ರಿಯೂ ನೋಡಿ ಆಮೇಲೆ ನಿರ್ಧರಿಸಿದರೆ ಅರ್ಧ ತಾಪತ್ರಯ ಕಳೆಯುತ್ತದೆ.

ಬಣ್ಣಕ್ಕಿಂತಲೂ ನನಗೆ ಮುಖ್ಯವೆನಿಸುವುದು ಬಟ್ಟೆ ಬೀಳುವ ಬಗೆ. ಹೊಲಿದ ಉಡುಪು ಒಂದು ಮೈಯ ಅಳತೆಗೆ ಸರಿಯಾಗಿ ಕೂಡುತ್ತದೆ, ಅಳತೆ ಬದಲಾದರೆ ಬಿಚ್ಚಬೇಕಾಗುತ್ತದೆ. ಸುತ್ತಿಕೊಳ್ಳುವ ಉಡುಪು ಯಾವ ಮೈಗೂ ಒದಗುತ್ತದೆ, ಮಡಿಸಿಟ್ಟರೆ ಒಂದು ಗೇಣು ಜಾಗದಲ್ಲಿ ಅಡಗುತ್ತದೆ. ಗೋಡೆಗೆ ಬಿಗಿದ ಕಪಾಟು, ಕದಲದ ಮಂಚ, ಸೋಫಾದ ಅಳತೆಗೇ ಮಾಡಿಸಿದ ಮೂಲೆ ಇವೆಲ್ಲ ಹೊಲಿದ ಉಡುಪಿನ ಜಾತಿಯವು. ಎತ್ತಿಡಬಹುದಾದ ದಿವಾನ, ಮಡಿಸುವ ತಡಿಕೆ, ಹಾಸಿ ತೆಗೆಯುವ ಜಮಖಾನ, ಒಂದೇ ಕೋಣೆಯನ್ನು ಹಗಲಿಗೊಂದು ರಾತ್ರಿಗೊಂದು ಮಾಡುವ ಪರದೆ ಇವು ಸುತ್ತುವ ಉಡುಪಿನವು. ಉಡುವಾಗ ಬಿಗಿಯನ್ನು ಸಹಿಸದವರು ಮನೆಯಲ್ಲಿ ಮೂಲೆಮೂಲೆಯನ್ನೂ ಬಿಗಿಸಿಕೊಂಡು ಕುಳಿತರೆ ಕಿರಿಕಿರಿಯಾಗುವುದು ಸಹಜ, ಕಾರಣ ಮಾತ್ರ ಅವರಿಗೆ ಹೊಳೆಯುವುದಿಲ್ಲ. ಇಸ್ತ್ರಿಯ ಗೆರೆ ಮುರಿಯದ ಹಾಗೆ ಉಡುವ ಶಿಸ್ತಿನವರಿಗೆ ಗೋಡೆಗೆ ಕೂಡಿಸಿದ ಕಪಾಟೇ ಸರಿಯಿರಬಹುದು, ಅದನ್ನೂ ನಾನು ಅಲ್ಲಗಳೆಯುವುದಿಲ್ಲ.

ಪರದೆಯ ವಿಷಯದಲ್ಲಂತೂ ನಮ್ಮವರು ತಮ್ಮ ತಿಳಿವಳಿಕೆಯನ್ನೇ ಮರೆಯುತ್ತಾರೆ. ಕಿಟಕಿಯ ಅಗಲಕ್ಕೆ ಎರಡರಿಂದ ಎರಡೂವರೆಯಷ್ಟು ಬಟ್ಟೆಯಿದ್ದರೆ ಮಾತ್ರ ಪರದೆಗೆ ನೆರಿಗೆ ಬರುವುದು. ನೆರಿಗೆ ಸಾಲದ ಸೀರೆಯನ್ನು ದೂರದಿಂದಲೇ ಗುರುತಿಸಿ ಮೂಗು ಮುರಿಯುವ ನಾವು, ಅಗಲಕ್ಕೆ ಸರಿಯಾಗಿ ಕತ್ತರಿಸಿ, ನೆಲಕ್ಕಿಂತ ಅರ್ಧ ಅಡಿ ಮೇಲೆಯೇ ನಿಂತ ಪರದೆಯ ಕೆಳಗೆ ವರ್ಷಾನುಗಟ್ಟಲೆ ಕಾಫಿ ಕುಡಿಯುತ್ತೇವೆ.

ಆದರೆ ಉಡುಪಿನಿಂದ ಮನೆಗೆ ತರಬಾರದ್ದೂ ಇದೆ, ಅದರಲ್ಲಿ ಮೊದಲನೆಯದು ಮ್ಯಾಚಿಂಗಿನ ಹುಚ್ಚು. ಬೆಲ್ಜಿಯಂನ ವಾಸ್ತುಶಿಲ್ಪಿ ಹೆನ್ರಿ ವಾನ್ ಡ ವೆಲ್ಡ 1895ರ ಸುಮಾರಿಗೆ ಬ್ರಸೆಲ್ಸಿನ ಅಂಚಿನಲ್ಲಿ ಸ್ವಂತ ಮನೆ ಕಟ್ಟಿ, ಪೀಠೋಪಕರಣಗಳಿಂದ ಹಿಡಿದು ಹೆಂಡತಿ ಉಡುವ ಗೌನುಗಳವರೆಗೆ ಎಲ್ಲವನ್ನೂ ಒಂದೇ ರಾಗಕ್ಕೆ ಹೊಂದುವಂತೆ ತಾನೇ ರೂಪಿಸಿದ. ಇಂಥ ಅತಿಯನ್ನು ಕಂಡೇ ಲೋಸ್ 1900ರಲ್ಲಿ ಒಂದು ವ್ಯಂಗ್ಯಕಥೆಯನ್ನು ಬರೆದದ್ದು; ಅದರಲ್ಲಿ ಮಲಗುವ ಕೋಣೆಗೆಂದು ರೂಪಿಸಿದ ಚಪ್ಪಲಿಯನ್ನು ಮೆಟ್ಟಿ ಬೇರೆ ಕೋಣೆಗೆ ಬಂದ ಯಜಮಾನನನ್ನು ಅವನ ವಾಸ್ತುಶಿಲ್ಪಿಯೇ ಗದರುತ್ತಾನೆ. ಸೋಫಾಗೆ ಪರದೆ, ಪರದೆಗೆ ಕುಶನ್, ಕುಶನ್ನಿಗೆ ಹೂದಾನಿ ಎಂದು ಒಂದೇ ಬಣ್ಣವನ್ನು ಬೆನ್ನಟ್ಟುವ ನಮ್ಮ ಮನೆಗಳಲ್ಲಿ ಆ ಗದರಿಕೆ ಕೇಳಿಸದಿದ್ದರೂ ಹೊಸದೊಂದು ವಸ್ತುವನ್ನು ತಂದಿಡುವ ಧೈರ್ಯ ಯಾರಿಗೂ ಬರುವುದಿಲ್ಲ. ಚೆನ್ನಾಗಿ ಉಡುವವರು ಕಾಂಟ್ರಾಸ್ಟ್ ರವಿಕೆಯ ಬೆಲೆಯನ್ನು ಬಲ್ಲವರು. ಆ ಜಾಣತನ ಒಂದು ಕುರ್ಚಿಯಲ್ಲಾದರೂ ಕಾಣಲಿ.

ಎರಡನೆಯದು, ಉಡುವ ಬಟ್ಟೆಯನ್ನೇ ನೇರವಾಗಿ ಹೊದಿಸುವುದು. ಬಟ್ಟೆ ಎಷ್ಟು ಉಜ್ಜಿಗೆ ತಡೆಯುತ್ತದೆ ಎಂಬುದನ್ನು ಮಾರ್ಟಿಂಡೇಲ್ ಎಂಬ ಪರೀಕ್ಷೆಯಿಂದ ಅಳೆಯುತ್ತಾರೆ. ದಿನನಿತ್ಯ ಕೂರುವ ಸೋಫಾಗೆ ಸಾಮಾನ್ಯವಾಗಿ 15,000ದಿಂದ 25,000 ಉಜ್ಜುಗಳನ್ನು ತಾಳುವ ಬಟ್ಟೆಯನ್ನು ಹೇಳುತ್ತಾರೆ, ಉಡಲೆಂದು ನೆಯ್ದ ತೆಳು ಬಟ್ಟೆಯಿಂದ ಅದನ್ನು ನಿರೀಕ್ಷಿಸಲಾಗದು. ರೇಷ್ಮೆ ಬಿಸಿಲಿಗೆ ಬಣ್ಣ ಕಳೆದುಕೊಂಡು ಎಳೆಯೇ ಪಿಸಿಯುತ್ತದೆ. ಕಿಟಕಿಗೆ ಹಾಕುವುದಾದರೆ ಹಿಂದೆ ಲೈನಿಂಗ್ ಬೇಕು. ಹಳೆಯ ಸೀರೆಯನ್ನು ಕುಶನ್ ಮಾಡುವ ಬದಲು ಗಾಜಿನ ಚೌಕಟ್ಟಿನಲ್ಲಿ, ಬಿಸಿಲು ನೇರ ಬೀಳದ ಗೋಡೆಗೆ ಹಾಕುವುದು ಲೇಸು.

ಇಲ್ಲಿನವರ ಒಳಾಂಗಣವನ್ನು ಇಷ್ಟು ಹೊಗಳಿದ ಮೇಲೆ ಅವರ ಕೊರತೆಯನ್ನೂ ಹೇಳಬೇಕು. ಕಳೆದ ಕೆಲವು ವರ್ಷಗಳಿಂದ ಅವರ ಮನೆಗಳೂ ಅವರ ಕೋಟುಗಳ ಹಾಗೆಯೇ ಬೂದಾಗುತ್ತಿವೆ. ಯಾವ ಬಣ್ಣವೂ ತಪ್ಪೆನಿಸದಿರಲಿ ಎಂದು ಎಲ್ಲ ಬಣ್ಣವನ್ನೂ ಬಿಟ್ಟುಕೊಟ್ಟ ಆ ಎಚ್ಚರಿಕೆಯಲ್ಲಿ ಉಡುವವರ ಗುರುತು ಹೇಗೆ ಸಿಗದೋ ಬಾಳುವವರ ಗುರುತೂ ಸಿಗುವುದಿಲ್ಲ. ಅರಿಶಿನ, ಕುಂಕುಮ, ಗಿಳಿಹಸಿರು, ನವಿಲುನೀಲಿಗಳನ್ನು ಮೈಮೇಲೆ ಹೊತ್ತು ಬೆಳೆದ ನಾವು ಹೊರನಾಡಿಗೆ ಬಂದು ಅದೇ ಬೂದು ಸೋಫಾವನ್ನೇ ಕೊಂಡು ಕೂರುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಬಾಡಿಗೆ ಮನೆ, ಗೋಡೆಗೆ ಬಣ್ಣ ಹೊಡೆಯುವ ಹಾಗಿಲ್ಲ ಎಂಬ ನೆಪವೂ ಇಲ್ಲಿ ನಿಲ್ಲದು; ಮನೆಯಲ್ಲಿ ಸುಲಭವಾಗಿ ಬದಲಾಯಿಸಲಾಗುವುದೂ, ಮುಂದಿನ ಮನೆಗೆ ಹೊತ್ತೊಯ್ಯಬಹುದಾದುದೂ ಬಟ್ಟೆಯೇ.

ಒಂದು ತೊಡಕು ಮಾತ್ರ ಉಳಿಯುತ್ತದೆ: ಒಂದು ಮನೆಯಲ್ಲಿ ನಾಲ್ವರಿದ್ದರೆ ಯಾರ ಉಡುಪನ್ನು ನೋಡಿ ಮನೆಯನ್ನು ಸಿಂಗರಿಸಬೇಕು? ಸಾಮಾನ್ಯವಾಗಿ ಹೆಚ್ಚು ಮಾತಾಡುವವರ ಇಷ್ಟವೇ ಹಜಾರಕ್ಕೆ ಬರುತ್ತದೆ. ನನ್ನ ಸಲಹೆ ಬೇರೆ. ಮನೆಯವರೆಲ್ಲರೂ ತಾವು ಅತಿ ಹೆಚ್ಚು ಬಾರಿ ಉಟ್ಟು ಸವೆಸಿದ ಒಂದೊಂದು ಉಡುಪನ್ನು ತಂದು ಹಾಸಿಗೆಯ ಮೇಲೆ ಹರಡಲಿ. ಹಬ್ಬಕ್ಕೆಂದು ತೆಗೆದಿಟ್ಟದ್ದು ಬೇಡ, ಅದು ನೋಡುವವರಿಗಾಗಿ ಕೊಂಡದ್ದು. ನಾಲ್ಕರಲ್ಲಿಯೂ ಮರುಕಳಿಸುವ ಬಣ್ಣವೋ ಬಟ್ಟೆಯ ಮೈಯೋ ಒಂದಾದರೂ ಸಿಗುತ್ತದೆ, ಎಷ್ಟೋ ವೇಳೆ ಅದು ಮೆತ್ತಗಾದ ಹತ್ತಿಯೇ ಆಗಿರುತ್ತದೆ. ಹಜಾರಕ್ಕೆ ಅದನ್ನು ಒಡಲಾಗಿ ಇಟ್ಟುಕೊಂಡು, ಉಳಿದ ಆಸೆಗಳನ್ನು ಅವರವರ ಕೋಣೆಗೆ ಬಿಟ್ಟುಬಿಡಬಹುದು.