ಮಾಂಟ್ರಿಯಲ್ ಪಂದ್ಯ: ಬ್ರೆಟ್ ಹಾರ್ಟ್ ನಿರಾಕರಿಸಿದ್ದು ಏನನ್ನು?

ಫಲಿತಾಂಶ ಮೊದಲೇ ನಿಗದಿಯಾಗುವ ವೃತ್ತಿಪರ ಕುಸ್ತಿಯ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ (ಇಂದಿನ ಡಬ್ಲ್ಯುಡಬ್ಲ್ಯುಇ) 1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ನಡೆಸಿದ ಸರ್ವೈವರ್ ಸೀರೀಸ್ ಪಂದ್ಯದ ಬಗ್ಗೆ, ಚಾಂಪಿಯನ್ ಆಗಿದ್ದ ಬ್ರೆಟ್ ಹಾರ್ಟ್ ಯಾರಿಗೂ ಬೆಲ್ಟ್ (ಚಾಂಪಿಯನ್ ಪಟ್ಟ) ಬಿಟ್ಟುಕೊಡಲು ಸಿದ್ಧರಿರಲಿಲ್ಲ, ಆದ್ದರಿಂದ ಸಂಸ್ಥೆಯ ಮಾಲೀಕ ವಿನ್ಸ್ ಮೆಕ್‌ಮಹೊನ್‌ಗೆ ಅವರನ್ನು ವಂಚಿಸಿ ಸೋಲಿಸದೆ ಬೇರೆ ದಾರಿಯೇ ಇರಲಿಲ್ಲ ಎಂಬ ಮಾತು ಹರಿದಾಡುತ್ತಿದೆ. ಇದು ಹೆಚ್ಚೆಂದರೆ ಅರ್ಧಸತ್ಯ.

ಪ್ರತಿಸ್ಪರ್ಧಿ ಸಂಸ್ಥೆಯಾದ ಡಬ್ಲ್ಯುಸಿಡಬ್ಲ್ಯು ಸೇರಲು ಸಹಿ ಹಾಕಿದ್ದ ಹಾರ್ಟ್ ನಿರಾಕರಿಸಿದ್ದು, ತೆರೆಯ ಹಿಂದೆಯೂ ತಮಗೆ ಆಗದಿದ್ದ ಎದುರಾಳಿ ಶಾನ್ ಮೈಕಲ್ಸ್‌ಗೆ, ಅದೂ ತಾಯ್ನಾಡು ಕೆನಡಾದಲ್ಲಿ, ಸೋಲುವುದನ್ನು ಮಾತ್ರ. ಸಂಸ್ಥೆಯಲ್ಲಿನ ಕೊನೆಯ ದಿನಗಳಲ್ಲಿ ತಮ್ಮ ಪಾತ್ರದ ಕಥೆಯ ಮೇಲೆ ಮಾತಾಡುವ ಹಕ್ಕನ್ನು ಒಪ್ಪಂದವೇ ಅವರಿಗೆ ನೀಡಿತ್ತು. ಪಂದ್ಯ ಅನರ್ಹತೆಯಲ್ಲಿ (ಪಟ್ಟ ಕೈಬದಲಾಗದೆ) ಮುಗಿಯಲಿ, ಪಟ್ಟವನ್ನು ಹಾರ್ಟ್ ಆಮೇಲೆ ತ್ಯಜಿಸಲಿ ಎಂದೇ ಮಾತಾಗಿತ್ತು. ಆದರೆ ಮೈಕಲ್ಸ್ ಶಾರ್ಪ್‌ಶೂಟರ್ ಎಂಬ ಕಾಲು ಹಿಡಿತ ಹಾಕಿದ ಕೂಡಲೇ, ಹಾರ್ಟ್ ಸೋಲೊಪ್ಪದಿದ್ದರೂ ಮೈಕಲ್ಸ್ ಗೆದ್ದರೆಂದು ರೆಫರಿ ಅರ್ಲ್ ಹೆಬ್ನರ್ ಗಂಟೆ ಬಾರಿಸುವಂತೆ ಸೂಚಿಸಿದರು. ರಿಂಗ್ ಪಕ್ಕದಲ್ಲೇ ನಿಂತಿದ್ದ ಮೆಕ್‌ಮಹೊನ್ ಅವರ ಆದೇಶವೂ ಅದೇ ಆಗಿತ್ತು.

ಇಡೀ ಪ್ರಸಂಗವೇ ಹಾರ್ಟ್‌ಗೆ ತಿಳಿದೇ ನಡೆದ ನಾಟಕ ಎನ್ನುವವರೂ ಇದ್ದಾರೆ. ಆಗ ಹಾರ್ಟ್ ಅವರ ಜೊತೆಗಿದ್ದ ಸಾಕ್ಷ್ಯಚಿತ್ರ ತಂಡ ದಾಖಲಿಸಿದ ಮಾತುಕತೆ ಈ ವಾದವನ್ನು ಬೆಂಬಲಿಸುವುದಿಲ್ಲ. ಅಂದಿನ ನಿಜವಾದ ಸಿಟ್ಟನ್ನೇ ಬಂಡವಾಳ ಮಾಡಿಕೊಂಡು ಮೆಕ್‌ಮಹೊನ್ ತೆರೆಯ ಮೇಲೆ ದುಷ್ಟ ಮಾಲೀಕನ ಪಾತ್ರವಾಗಿ ಬೆಳೆದದ್ದು ನಂತರದ ಸಂಗತಿ.