ದುರ್ಗದ ಬಂಡೆಗೆ ಪುಣೆಯ ಚೀಟಿ

ಪುಣೆಯಲ್ಲಿ ಹವ್ಯಾಸಿಗಳ ಪುಟ್ಟ ಪ್ರದರ್ಶನವೊಂದರಲ್ಲಿ ನಮ್ಮ ಚಿತ್ರದುರ್ಗದ ಬಂಡೆ ಗೋಡೆಗೆ ತೂಗುತ್ತಿತ್ತು. 11 ಇಂಚಿಗೆ 15 ಇಂಚಿನ ಜಲವರ್ಣ. ಬರೆದವರು ಕೆಲಸದಿಂದ ನಿವೃತ್ತರಾದ ಒಬ್ಬ ಮರಾಠಿ ಗೃಹಸ್ಥರು. ಚಿತ್ರ ಸಾಧಾರಣ, ಆಕಾಶದಲ್ಲಿ ಹೂಕೋಸಿನಂಥ ಕಲೆಯೊಂದು ಎದ್ದು ಕಾಣುತ್ತಿತ್ತು. ಚುರುಕು ಮುಟ್ಟಿಸಿದ್ದು ಚಿತ್ರವಲ್ಲ, ಅದರ ಕೆಳಗೆ ಅಂಟಿಸಿದ್ದ ಅಂಗೈಯಗಲದ ಚೀಟಿ. ಪೆನ್ಸಿಲಿನಲ್ಲಿ ಮರಾಠಿ ಬರಹ: ಕೋಟೆಯೊಳಗೆ, ಬೆಳಿಗ್ಗೆ 7.20ರಿಂದ 8. ಗಾಳಿ ಜೋರು. ಆಕಾಶ ಅರೆ ಒಣಗಿದ್ದಾಗ ಮತ್ತೆ ಕೈಯಿಟ್ಟೆ, ಕೆಟ್ಟಿತು. ಬಂಡೆಯ ಬೂದು ಬಣ್ಣಕ್ಕೆ ಕಪ್ಪು ಬಳಸಿಲ್ಲ.

ದುರ್ಗದಲ್ಲಿ ಕೋಟೆಯ ಚಿತ್ರ ತೂಗುಹಾಕಿದ ಪಡಸಾಲೆಗಳಿಗೆ ಬರವಿಲ್ಲ. ಅವುಗಳಲ್ಲಿ ಒಂದರ ಕೆಳಗಾದರೂ ಇಂಥ ನಾಲ್ಕು ಸಾಲು ಕಂಡವರಿದ್ದರೆ ಹೇಳಲಿ.

ನಮ್ಮಲ್ಲಿ ಚಿತ್ರದ ಕಥೆ ಎಂದರೆ ಚಿತ್ರದೊಳಗಿರುವವರ ಕಥೆ. ಕಿಂಡಿ ಬರೆದರೆ ಪಕ್ಕದಲ್ಲಿ ಒನಕೆ ಎತ್ತಿದ ಓಬವ್ವ ನಿಂತಿರಲೇಬೇಕು, ಇಲ್ಲದಿದ್ದರೆ ‘ಓಬವ್ವ ಎಲ್ಲಿ?’ ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ. ಆ ಕಿಂಡಿಯೊಳಗಿನ ಬೆಳಕು ಯಾರಿಗೂ ಬೇಡ. ಇಕ್ಕಟ್ಟಾದ ಕಲ್ಲುಸಂದಿಯಲ್ಲಿ ನೆರಳು ಕಪ್ಪಗಿರುವುದಿಲ್ಲ. ಬಿಸಿಲು ಬಿದ್ದ ಕಲ್ಲು ಎದುರಿನ ಕಲ್ಲಿಗೆ ಬೆಳಕು ಎರಚುವುದರಿಂದ ಬುಡದ ಕಡೆ ನೆರಳು ಕಾವಿಗೆ ತಿರುಗುತ್ತದೆ. ಮೇಲೆ, ಆಕಾಶಕ್ಕೆ ತೆರೆದುಕೊಂಡ ಕಡೆ ನೀಲಿಗೆ. ಓಬವ್ವ ಬಂದು ನಿಂತದ್ದೇ ತಡ, ಕಲ್ಲು ನಾಟಕದ ಪರದೆಯಾಗುತ್ತದೆ. ಹೊಗಳಿಕೆಯೂ ಒಂದೇ: ‘ಮೇಷ್ಟ್ರೇ, ಫೋಟೋ ತೆಗ್ದಂಗೈತೆ ಬಿಡ್ರಿ.’ ಅದರ ಬೆನ್ನಿಗೇ, ‘ಮಾರಿದ್ರೆ ಎಷ್ಟು ಬರ್ತದೆ?’

ಜಲವರ್ಣದ ಕಥೆ ಇರುವುದು ನೀರು ಹೇಗೆ ಒಣಗಿತು ಎಂಬುದರಲ್ಲಿ. ಆ ಮರಾಠಿ ಗೃಹಸ್ಥರ ಹೂಕೋಸನ್ನೇ ನೋಡಿ. ಬಳಿದ ಬಣ್ಣ ಹೊಳೆಯುತ್ತಿರುವಷ್ಟು ಹೊತ್ತು ಅದರೊಳಗೆ ಇನ್ನೊಂದು ಬಣ್ಣ ಬಿಡಬಹುದು. ಹೊಳಪು ಹೋಗಿ, ಅಂಗೈ ಹಿಂಭಾಗ ತಾಗಿಸಿದರೆ ಕಾಗದ ಇನ್ನೂ ತಣ್ಣಗಿದೆ ಅನ್ನಿಸಿದರೆ ಅದೇ ಅಪಾಯದ ಗಳಿಗೆ. ಆಗ ಹೆಚ್ಚು ನೀರಿರುವ ಕುಂಚ ಇಟ್ಟರೆ ಹೊಸ ನೀರು ಹಳೆಯ ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗುಡ್ಡೆ ಹಾಕುತ್ತದೆ. ಪುಣೆಯ ಜುಲೈನಲ್ಲಿ ಈ ಗಳಿಗೆ ಬರಲು ಅರ್ಧ ಗಂಟೆಯಾದರೂ ಆದೀತು, ಕೊಡೆಯ ಕೆಳಗೆ ಕೂತು ಎರಡು ಚಹಾ ಮುಗಿಸಬಹುದು. ದುರ್ಗದ ಗಾಳಿ ಬೇರೆ, ಪಕ್ಕದ ಜೋಗಿಮಟ್ಟಿ ಗುಡ್ಡದ ಕಡೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಏಪ್ರಿಲ್‌ನಲ್ಲಿ ಕೋಟೆಯ ಮೇಲೆ ಕೂತರೆ ಆಕಾಶದ ಎಡ ಅಂಚಿನಿಂದ ಬಲ ಅಂಚಿಗೆ ಕುಂಚ ತಲುಪುವಷ್ಟರಲ್ಲಿ ಎಡಗಡೆ ಒಣಗಿ ಗೆರೆ ಕಟ್ಟಿರುತ್ತದೆ. ಪುಣೆಯಲ್ಲಿ ಪಳಗಿದ ಕೈಗೆ ದುರ್ಗ ಮೋಸ ಮಾಡಿದ್ದು ಹೀಗೆ. ಚೀಟಿಯಲ್ಲಿ ‘ಗಾಳಿ ಜೋರು’ ಎಂಬ ಎರಡು ಪದ ಇರದಿದ್ದರೆ ಅದು ಬರೀ ಕೆಟ್ಟ ಆಕಾಶವಾಗುತ್ತಿತ್ತು.

ನಮ್ಮ ಹವಾಗುಣಕ್ಕೆ ನಮ್ಮದೇ ಉಪಾಯ ಬೇಕು, ಅವು ಇಲ್ಲದ್ದೇನಲ್ಲ. ಅಂಗಡಿಯಲ್ಲಿ ಸಿಗುವ ಮಾಮೂಲಿ ಡ್ರಾಯಿಂಗ್ ಶೀಟ್ ಬಿಡಬೇಕು. ಒದ್ದೆಯಾದೊಡನೆ ಅದು ಹಪ್ಪಳದಂತೆ ಅಲೆ ಏಳುತ್ತದೆ, ತಗ್ಗಿನಲ್ಲಿ ನೀರು ನಿಂತು ಅಲ್ಲಲ್ಲೇ ಹೂಕೋಸು ಬೆಳೆಯುತ್ತದೆ. 300 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಹತ್ತಿಯ ಕಾಗದವನ್ನು ಎರಡೂ ಕಡೆ ನೀರಿನಲ್ಲಿ ನೆನೆಸಿ ಅಕ್ರಿಲಿಕ್ ಹಾಳೆಯ ಮೇಲೆ ಹಾಸಿದರೆ ಕೆಳಗಿನ ಒದ್ದೆ ಮೇಲಿನದನ್ನು ಕಾಯುತ್ತದೆ. ಬಣ್ಣ ಕಲಸುವ ಅರ್ಧ ಲೋಟ ನೀರಿಗೆ ಎರಡು ಹನಿ ಗ್ಲಿಸರಿನ್ ಬಿದ್ದರೆ ಇನ್ನೂ ಸ್ವಲ್ಪ ಹೊತ್ತು ಸಿಗುತ್ತದೆ. ಆಸೆಗೆ ಬಿದ್ದು ಚಮಚ ಸುರಿದರೆ ಚಿತ್ರ ಮಾರನೆಯ ದಿನವೂ ಕೈಗೆ ಅಂಟುತ್ತದೆ. ಆಕಾಶಕ್ಕೆ ಬೇಕಾದ ಬಣ್ಣವನ್ನು ಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಮೊದಲೇ ಕಲಸಿಟ್ಟುಕೊಳ್ಳಬೇಕು, ನಡುವೆ ಮುಗಿದರೆ ಮತ್ತೆ ಕಲಸುವಷ್ಟು ಹೊತ್ತನ್ನು ಗಾಳಿ ಕೊಡುವುದಿಲ್ಲ. ಕೂರುವುದು ನೆರಳಿನಲ್ಲಿ. ಬಿಸಿಲು ಬಿದ್ದ ಬಿಳಿ ಕಾಗದ ಕಣ್ಣು ಕುಕ್ಕುತ್ತದೆ, ಬಣ್ಣ ತೆಳುವಾಯಿತೆಂದು ಮೇಲೆ ಮೇಲೆ ಬಳಿಯುತ್ತೇವೆ, ಮನೆಗೆ ತಂದು ನೋಡಿದರೆ ಮಸಿ.

ನೆರಳಿನ ಗೆರೆಯನ್ನು ಮೊದಲೇ ಎಳೆದಿಟ್ಟುಕೊಳ್ಳುವುದೂ ಇಲ್ಲಿ ಮುಖ್ಯ. ಗಂಟೆಗೆ 15 ಡಿಗ್ರಿಯಂತೆ ನಲವತ್ತು ನಿಮಿಷದಲ್ಲಿ ಸೂರ್ಯ 10 ಡಿಗ್ರಿ ಸರಿದಿರುತ್ತಾನೆ. ಮೊದಲು ಬರೆದ ಬಂಡೆಗೂ ಕೊನೆಗೆ ಬರೆದ ಬಂಡೆಗೂ ಎರಡು ಸೂರ್ಯ ಇರುವ ಚಿತ್ರಗಳು ದುರ್ಗದ ತುಂಬ ಇವೆ.

ಬಂಡೆಯ ಬೂದು ಬಣ್ಣದ ಮಾತು ಬಂದಾಗ ಇನ್ನೂ ಸಿಟ್ಟು ಬರುತ್ತದೆ. ಶಾಲೆಯ ಡ್ರಾಯಿಂಗ್ ಪೀರಿಯಡ್‌ನಲ್ಲಿ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ, ಗುಡ್ಡಕ್ಕೆ ಕಪ್ಪು-ಬಿಳಿ ಕಲಸಿದ ಬಣ್ಣ. ಕಿಟಕಿಯಾಚೆ ಅಷ್ಟು ದೊಡ್ಡ ಬಂಡೆಗಳು ಕೂತಿರುತ್ತವೆ, ಒಂದೂ ಆ ಬಣ್ಣದ್ದಲ್ಲ. ಕಪ್ಪು-ಬಿಳಿ ಕಲಸಿದ್ದು ಸಿಮೆಂಟಿನ ಬಣ್ಣ. ದುರ್ಗದ ಕಲ್ಲಿಗೆ ಮೊದಲು ರಾ ಸಿಯೆನ್ನಾ ಎಂಬ ಹಳದಿ ಮಣ್ಣುಬಣ್ಣದ ತೆಳು ಲೇಪ, ಚಹಾದಷ್ಟು ತಿಳಿ. ಅದು ಹೊಳೆಯುತ್ತಿರುವಾಗಲೇ ಅಲ್ಟ್ರಾಮರೀನ್ ನೀಲಿ ಮತ್ತು ಕೆಂಗಂದು ಬಣ್ಣದ ಬರ್ಂಟ್ ಸಿಯೆನ್ನಾ ಕಲಸಿದ್ದನ್ನು ನೆರಳಿನ ಕಡೆ ಬಿಡಬೇಕು. ಅಲ್ಟ್ರಾಮರೀನಿನ ಕಣಗಳು ಒರಟು ಕಾಗದದ ಗುಳಿಗಳಲ್ಲಿ ಇಳಿದು ಕೂರುತ್ತವೆ, ಕಲ್ಲಿನ ಕಾಳು ತಾನಾಗಿ ಮೂಡುತ್ತದೆ. ಅದೇ ಜಾಗದಲ್ಲಿ ಥ್ಯಾಲೋ ನೀಲಿ ಬಳಸಿದರೆ ಕಾಳಾಗುವುದಿಲ್ಲ. ಅದು ಕಾಗದಕ್ಕೆ ಕಚ್ಚಿಕೊಳ್ಳುತ್ತದೆ, ಒರೆಸಿದರೂ ಬಿಡುವುದಿಲ್ಲ. ಪೂರ್ತಿ ಒಣಗಿದ ಮೇಲೆ ಬಣ್ಣ ಹಿಡಿದ 10ನೇ ನಂಬರಿನ ಕುಂಚವನ್ನು ಬಟ್ಟೆಗೆ ಒತ್ತಿ, ಮಲಗಿಸಿ ಒಮ್ಮೆ ಎಳೆದರೆ ಬಿರುಕು, ಪಾಚಿಯ ಕಲೆ ಎಲ್ಲ ಬಂತು. ಎರಡನೇ ಸಲ ಎಳೆದರೆ ಕೆಟ್ಟಿತು. ಬಣ್ಣ ಒಣಗಿದ ಮೇಲೆ ಒಂದು ಪಾಲು ತಿಳಿಯಾಗುವುದರಿಂದ ಒದ್ದೆಯಲ್ಲಿ ಸರಿ ಅನ್ನಿಸಿದ ನೆರಳು ಒಣಗಿದಾಗ ಸಪ್ಪೆ.

ಇದೆಲ್ಲ ಚಿತ್ರದ ಬೆನ್ನ ಮೇಲೆ ಇರಬೇಕಾದ ಕಥೆ. ಜಾಗ, ತಾರೀಖು, ಹೊತ್ತು, ಬಣ್ಣ, ಎಲ್ಲಿ ಎಡವಿತು, ಐದು ಸಾಲು ಸಾಕು. ಪೆನ್ಸಿಲಿನಲ್ಲೇ ಬರೆಯಬೇಕು, ಸ್ಕೆಚ್ ಪೆನ್ನಿನ ಮಸಿ ತೇವಕ್ಕೆ ಹರಡಿ ಮುಂದಿನ ಆಕಾಶಕ್ಕೇ ಬಂದೀತು. ಪುಣೆಯವರು ಭಾನುವಾರ ಬೆಳಿಗ್ಗೆ ಗುಂಪು ಕಟ್ಟಿಕೊಂಡು ಪೇಶ್ವೆಗಳ ಕೋಟೆ ಶನಿವಾರವಾಡೆಗೋ ವಾಯಿಯ ಹತ್ತಿರ ಕೃಷ್ಣೆಯ ಮೇಣವಲಿ ಘಾಟಿಗೋ ಹೋಗುತ್ತಾರೆ. ಮುಗಿದ ಮೇಲೆ ಚಿತ್ರಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಹಾಸಿ ‘ಎಲ್ಲಿ ಕೆಟ್ಟಿತು’ ಎಂದು ಒಬ್ಬೊಬ್ಬರನ್ನೇ ಕೇಳುತ್ತಾರೆ. ಕೆಟ್ಟದ್ದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ನಮ್ಮವರು ಕೆಟ್ಟದ್ದನ್ನು ಹರಿದು ಬಿಸಾಕುತ್ತಾರೆ, ಚೆನ್ನಾಗಿದ್ದುದನ್ನು ಫ್ರೇಮ್ ಅಂಗಡಿಗೆ ಒಯ್ಯುತ್ತಾರೆ.

ಅಲ್ಲಿ ಅದಕ್ಕೆ ಎರಡನೇ ಸಾವು. ದುರ್ಗವಿರಲಿ ದಾವಣಗೆರೆಯಿರಲಿ, ದೇವರ ಪಟ ಕಟ್ಟುವ ಕೈ ಚಿತ್ರವನ್ನೂ ಹಾಗೇ ಕಟ್ಟುತ್ತದೆ: ಹಿಂದೆ ಹಾರ್ಡ್‌ಬೋರ್ಡು, ತುಂಬ ಫೆವಿಕಾಲ್, ಮುಂದೆ ಕಾಗದಕ್ಕೆ ತಾಗಿದ ಗಾಜು. ಬೆನ್ನಿನ ಬರಹವೇನಾದರೂ ಇದ್ದರೆ ಅಂಟಿನಡಿ ಸಮಾಧಿ. ಗಾಜಿನ ಒಳಗೆ ತೇವ ಸೇರಿ ಮಳೆಗಾಲದ ಹೊತ್ತಿಗೆ ಕಂದು ಚುಕ್ಕಿ. ‘ಲ್ಯಾಮಿನೇಷನ್ ಮಾಡ್ಸಿಬಿಡಿ, ಕೆಡಲ್ಲ’ ಎಂಬ ಸಲಹೆ ಇನ್ನೂ ಘೋರ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸುವಂತಿಲ್ಲ.

ಬಯಲಿನಲ್ಲಿ ಕೂತು ಬರೆಯುವುದು ಮರಾಠಿಗರ ಸ್ವತ್ತಲ್ಲ ಎಂಬುದನ್ನು ಒಪ್ಪಬೇಕು. ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಮರಗಳ ಮುಂದೆ ನಿಂತೇ ಬರೆದವರು. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಕಲಿತವರಿಗೆ ಮೇಲಿನದನ್ನೆಲ್ಲ ಹೇಳಿಕೊಡಬೇಕಾಗಿಯೂ ಇಲ್ಲ. ತಕರಾರು ಹವ್ಯಾಸಿಗಳದ್ದು.

ಇನ್ನೊಂದು ಮಾತನ್ನೂ, ಮನಸ್ಸಿಲ್ಲದಿದ್ದರೂ, ಹೇಳಬೇಕು. ಶನಿವಾರವಾಡೆಯ ಮುಂದೆ ಮೂರು ಗಂಟೆ ಕೂತು ಬರೆದರೂ ಪುಣೆಯಲ್ಲಿ ಯಾರೂ ಹಿಂದೆ ನಿಲ್ಲುವುದಿಲ್ಲ. ದುರ್ಗದಲ್ಲಿ ಬೋರ್ಡು ಬಿಚ್ಚಿದ ಐದು ನಿಮಿಷಕ್ಕೆ ನಾಲ್ಕು ಜನ. ಕೋಟೆಯೊಳಗಿನ ಅಕ್ಕ-ತಂಗಿ ಹೊಂಡದ ದಂಡೆಯಲ್ಲಿ ಹವ್ಯಾಸಿಯೊಬ್ಬ ನೀರಿಗೆ ಒಂದೇ ಹಸಿರು ಬಳಿಯುತ್ತಿದ್ದಾಗ ಹಿಂದಿನಿಂದ ಒಬ್ಬ ಅಜ್ಜ, ‘ನೀರು ಅಲ್ಲಿಗಂಟ ಇದ್ದಿದ್ದು ಕಾಣ್ತದಲ್ಲಪ್ಪಾ ಕಲ್ಮೇಲೆ, ಅದು ಬರ್ಕೋ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಇಲ್ಲಿಗೆ ಇಳೀತದೆ’ ಎಂದ. ನೋಡಿದರೆ ಕಲ್ಲಿನ ಮೇಲೆ ತೆಳು ಬಿಳಿ ಪಟ್ಟಿ ನಿಜಕ್ಕೂ ಇತ್ತು. ಅಷ್ಟು ಹೊತ್ತಿಗೆ ಲೇಪ ಒಣಗಿತ್ತು. ಒದ್ದೆ ಕುಂಚದಿಂದ ಎರಡು ಸಲ ಉಜ್ಜಿ, ಬಟ್ಟೆಯಿಂದ ಒತ್ತಿ ಬಣ್ಣ ಎತ್ತಿದ ಮೇಲೆ ಪಟ್ಟಿ ಬಂತು. ಹತ್ತಿಯ ಕಾಗದವಾದ್ದರಿಂದ ಉಜ್ಜು ತಡೆಯಿತು. ಅಜ್ಜ ನೋಡಿ, ‘ಈಗ ನೀರಿನಂಗಾತು’ ಎಂದು ಬೀಡಿ ಹಚ್ಚಿಕೊಂಡು ಹೋದ. ಫೋಟೋದಂಗೈತೆ ಅನ್ನಲಿಲ್ಲ.

ಆ ಚಿತ್ರ ಈಗ ದುರ್ಗದ ಒಂದು ಗೋಡೆಯ ಮೇಲಿದೆ, ಹಾರ್ಡ್‌ಬೋರ್ಡಿಗೆ ಅಂಟಿಸಿ. ಅಜ್ಜನ ಮಾತನ್ನು ಬೆನ್ನಿಗೆ ಬರೆದಿದ್ದರೋ ಇಲ್ಲವೋ ಎಂದು ತಿಳಿಯಬೇಕಾದರೆ ಚಿತ್ರವನ್ನೇ ಕೀಳಬೇಕು.